ಮದುವೆ ಡಿವಿಡಿಯ ಕೆಟ್ಟ ಫ್ರೇಮುಗಳು: ಸರಿ ಮಾಡೋದು ಹೇಗೆ?

ನಮ್ಮ ಮನೆ ಗರುಡಾಚಾರ್‌ಪಾಳ್ಯದಲ್ಲಿ. 2023ರಲ್ಲಿ ಮೆಟ್ರೋ ಬಂದು ಸ್ಟೇಷನ್ನಿಗೆ ಆ ಹೆಸರಿಟ್ಟ ಮೇಲೆ ಕ್ಲಾಸಿನವರಿಗೆಲ್ಲ ಊರು ಗೊತ್ತಾಗಿದೆ. ಅದಕ್ಕೆ ಮುಂಚೆ ಯಾರು ಕೇಳಿದರೂ "ಮಹದೇವಪುರ ದಾಟಿ, ಹೂಡಿಗಿಂತ ಮುಂಚೆ" ಅಂತ ವಿವರಿಸಬೇಕಿತ್ತು. ಅಲ್ಲಿ, ನಮ್ಮಜ್ಜಿಯ ರೂಮಿನಲ್ಲಿ, ಟಿವಿ ಕೆಳಗೆ ಒಂದು ಹಳೇ ಡಿವಿಡಿ ಪ್ಲೇಯರ್ ಇದೆ. ಕೆಂಪು, ಬಿಳಿ, ಹಳದಿ ವೈರು ಸಿಕ್ಕಿಸೋ ಥರದ್ದು. ಅದರಲ್ಲಿ ಅಜ್ಜಿ ವರ್ಷಕ್ಕೆ ನಾಲ್ಕೈದು ಸಲ ನೋಡೋದು ಒಂದೇ ಡಿಸ್ಕು: 2007ರಲ್ಲಿ ಕೆ.ಆರ್.ಪುರದ ಕಲ್ಯಾಣ ಮಂಟಪವೊಂದರಲ್ಲಿ ಆದ ನಮ್ಮತ್ತೆಯ ಮದುವೆ.

ಈ ವರ್ಷ ಯುಗಾದಿ ರಜೆಯಲ್ಲಿ ಅದು ಹಾಳಾಯಿತು. ಒಂದು ಗಂಟೆ ಹನ್ನೆರಡು ನಿಮಿಷದ ಹತ್ತಿರ, ಸರಿಯಾಗಿ ತಾತ ಧಾರೆ ಎರೆಯೋ ಹೊತ್ತಿಗೆ, ತಾತನ ಮುಖದ ಮೇಲೆ ಹಸಿರು ಚೌಕಗಳು ಬಂದವು. ಚಿತ್ರ ನಿಂತಿತು, ಪ್ಲೇಯರ್ ಒಳಗೆ ಕಟಕಟ ಅಂತ ಸದ್ದು, ಆಮೇಲೆ ಊಟದ ಪಂಕ್ತಿಗೇ ಹಾರಿತು. ತಾತ ತೀರಿಕೊಂಡು ಏಳು ವರ್ಷ ಆಯ್ತು. ಅವರ ಫೋಟೋ ಗೋಡೆ ಮೇಲೆ ಇದೆ, ಆದರೆ ಅವರು ನಡೆಯೋದು, ನಗೋದು, ಮಾತಾಡೋದು ಇರೋದು ಆ ಡಿಸ್ಕಿನಲ್ಲಿ ಮಾತ್ರ. "ನೀನು ಇಂಜಿನಿಯರಿಂಗ್ ಓದ್ತಿದ್ದೀಯಲ್ಲ ಮಗಾ, ಇದನ್ನ ಸರಿ ಮಾಡ್ಕೊಡು" ಅಂದರು ಅಜ್ಜಿ. ಪೆನ್‌ಡ್ರೈವ್‌ಗೆ ಹಾಕಿಕೊಡ್ತೀನಿ ಅಂದರೆ ಒಪ್ಪಲಿಲ್ಲ. ಅದೇ ಪ್ಲೇಯರಿನಲ್ಲಿ, ಅದೇ ರಿಮೋಟಿನಲ್ಲಿ ಬರಬೇಕು. ಅಂದರೆ ಹೊಸ ಡಿವಿಡಿಯನ್ನೇ ಆಥರ್ ಮಾಡಬೇಕು.

ಮೂರು ವಾರ ಹಿಡಿಯಿತು. ಅದರಲ್ಲಿ ಕಲಿತಿದ್ದು ನಮ್ಮ ಇನ್ಫರ್ಮೇಷನ್ ಥಿಯರಿ ಪೇಪರಿಗಿಂತ ಜಾಸ್ತಿ ಅನ್ನಿಸಿತು, ಅದಕ್ಕೇ ಬರೀತಿದ್ದೀನಿ. ನಿಮ್ಮ ಮನೆಯ ಆಲ್ಬಮ್ ಪೆಟ್ಟಿಗೆಯಲ್ಲೂ ಇಂಥದೊಂದು ಡಿಸ್ಕು ಇದ್ದೇ ಇರುತ್ತೆ.

ಗೀಚಿದರೂ ಓದೋದು ಹೇಗೆ?

ಮೊದಲು ಡಿಸ್ಕು ಇಷ್ಟು ವರ್ಷ ಯಾಕೆ ಓಡಿತು ಅಂತ ನೋಡೋಣ. ನೀವು ಮೆಟ್ರೋ ಗೇಟಿನಲ್ಲಿ ತೋರಿಸೋ ಕ್ಯೂಆರ್ ಟಿಕೆಟ್ ಇದೆಯಲ್ಲ, ಫೋನಿನ ಗಾಜು ಒಡೆದು ಗೆರೆ ಬಿದ್ದಿದ್ದರೂ ಗೇಟು ತೆರೆದುಕೊಳ್ಳುತ್ತೆ. ಅದರ ಹಿಂದಿರೋ ಗಣಿತವೇ ಡಿವಿಡಿಯ ಹಿಂದೆಯೂ ಇರೋದು: 1960ರಲ್ಲಿ ಇರ್ವಿಂಗ್ ರೀಡ್ ಮತ್ತು ಗುಸ್ತಾವ್ ಸಾಲಮನ್ ಪ್ರಕಟಿಸಿದ ಕೋಡ್.

ಸರಳವಾಗಿ ಹೀಗೆ ಯೋಚಿಸಿ. ಒಂದು ಸರಳರೇಖೆ ಎಳೆಯೋಕೆ ಎರಡು ಬಿಂದು ಸಾಕು. ನಾನು ನಿಮಗೆ ಮೂರು ಬಿಂದು ಕಳಿಸಿದೆ, ಒಂದು ದಾರಿಯಲ್ಲಿ ಕಳೆದುಹೋಯಿತು ಅಂದ್ಕೊಳ್ಳಿ. ತೊಂದರೆ ಇಲ್ಲ, ಉಳಿದ ಎರಡರಿಂದ ರೇಖೆ ಸಿಗುತ್ತೆ. ಆದರೆ ಕಳೆದುಹೋಗುವ ಬದಲು ಒಂದು ಬಿಂದು ಜಾಗ ತಪ್ಪಿ ಬಂದರೆ? ಮೂರೂ ಒಂದೇ ಗೆರೆಯಲ್ಲಿಲ್ಲ ಅನ್ನೋದು ಕಾಣುತ್ತೆ, ಯಾವುದು ಸುಳ್ಳು ಅಂತ ಗೊತ್ತಾಗಲ್ಲ. ನಾಲ್ಕನೇ ಬಿಂದು ಇದ್ದರೆ ಮೂರು ಒಂದೇ ಗೆರೆಯಲ್ಲಿ ಕೂತು ಸುಳ್ಳುಗಾರನನ್ನು ತೋರಿಸಿಕೊಡುತ್ತವೆ. ಅಂದರೆ ಎಲ್ಲಿ ಕೆಟ್ಟಿದೆ ಅಂತ ಗೊತ್ತಿದ್ದರೆ ಒಂದು ನಷ್ಟಕ್ಕೆ ಒಂದು ಹೆಚ್ಚುವರಿ ಬಿಂದು ಸಾಕು, ಗೊತ್ತಿಲ್ಲದಿದ್ದರೆ ಎರಡು ಬೇಕು. ರೇಖೆಯ ಬದಲು ದೊಡ್ಡ ಡಿಗ್ರಿಯ ಬಹುಪದ, ಬಿಂದುವಿನ ಬದಲು ಬೈಟು. ರೀಡ್-ಸಾಲಮನ್‌ನ ಮೂಲ ವಿಚಾರ ಇಷ್ಟೇ.

ಡಿವಿಡಿಯಲ್ಲಿ 2048 ಬೈಟಿನ 16 ಸೆಕ್ಟರುಗಳನ್ನು ಒಟ್ಟು ಮಾಡಿ 32 ಕೆಬಿಯ ಒಂದು ಬ್ಲಾಕು ಮಾಡ್ತಾರೆ. ಪ್ರತಿ ಸೆಕ್ಟರಿಗೆ 16 ಬೈಟಿನ ಗುರುತು ಸೇರಿ 2064. ಅದನ್ನು 192 ಸಾಲು, 172 ಕಂಬದ ಕೋಷ್ಟಕದಂತೆ ಜೋಡಿಸಿ, ಪ್ರತಿ ಸಾಲಿಗೆ 10 ಬೈಟು, ಪ್ರತಿ ಕಂಬಕ್ಕೆ 16 ಬೈಟು ಪ್ಯಾರಿಟಿ ಸೇರಿಸಿದರೆ 208 ಸಾಲು, 182 ಕಂಬ ಆಗುತ್ತೆ. ಒಂದು ಸಾಲಿನಲ್ಲಿ ಐದು ಬೈಟಿನವರೆಗೆ ತಪ್ಪಿದ್ದರೆ ಸಾಲೇ ಸರಿಮಾಡಿಕೊಳ್ಳುತ್ತೆ. ಅದಕ್ಕಿಂತ ಜಾಸ್ತಿ ಆದರೆ "ಈ ಸಾಲು ಕೆಟ್ಟಿದೆ" ಅಂತ ಗುರುತು ಹಾಕಿ ಕಂಬಗಳಿಗೆ ಬಿಡುತ್ತೆ. ಎಲ್ಲಿ ಕೆಟ್ಟಿದೆ ಅಂತ ಈಗ ಗೊತ್ತಿರೋದರಿಂದ ಕಂಬಗಳು 16 ಸಾಲುಗಳನ್ನು ಪೂರ್ತಿಯಾಗಿ ವಾಪಸ್ ಕಟ್ಟಬಲ್ಲವು.

ಇಲ್ಲೊಂದು ಲೆಕ್ಕ ಮಾಡಿ ನೋಡಿ. 16 ಸಾಲು ಅಂದರೆ 2912 ಬೈಟು. ಡಿಸ್ಕಿನ ಮೇಲೆ ಒಂದು ಬೈಟಿಗೆ 16 ಚಾನೆಲ್ ಬಿಟ್ಟು, ಒಂದೊಂದರ ಉದ್ದ 0.133 ಮೈಕ್ರೋಮೀಟರ್. ಗುಣಿಸಿದರೆ ಸುಮಾರು 6 ಮಿ.ಮೀ. ಅಂದರೆ ಟ್ರ್ಯಾಕಿನ ಉದ್ದಕ್ಕೆ ಆರು ಮಿ.ಮೀ. ಪೂರ್ತಿ ಅಳಿಸಿಹೋದರೂ ಚಿತ್ರದಲ್ಲಿ ಏನೂ ಗೊತ್ತಾಗಲ್ಲ! ಡಿಸ್ಕನ್ನು ಒಳಗಿಂದ ಹೊರಕ್ಕೆ ನೇರವಾಗಿ ಒರೆಸಿ, ಸುತ್ತ ಸುತ್ತ ಒರೆಸಬೇಡಿ ಅಂತ ಹೇಳೋದೂ ಇದಕ್ಕೇ. ನೇರ ಗೀರು ಪ್ರತಿ ಸುತ್ತನ್ನೂ ಒಂದು ಚೂರು ಮಾತ್ರ ಕಡಿಯುತ್ತೆ. ಸುತ್ತ ಬಿದ್ದ ಗೀರು ಒಂದೇ ಟ್ರ್ಯಾಕಿನ ಜೊತೆಗೆ ಉದ್ದಕ್ಕೆ ಓಡಿ ಆ ಆರು ಮಿ.ಮೀ.ಯನ್ನು ಮೀರಿಬಿಡುತ್ತೆ. ಟೂತ್‌ಪೇಸ್ಟ್ ಹಚ್ಚಿ ಉಜ್ಜೋ ಐಡಿಯಾ ನಿಮಗೂ ಯಾರಾದರೂ ಕೊಟ್ಟಿರಬಹುದು. ಅದು ಮರಳು ಕಾಗದದ ತಮ್ಮ. ಓದೋದನ್ನೆಲ್ಲ ಓದಿ ಮುಗಿಸುವ ತನಕ ಮುಟ್ಟಬೇಡಿ.

ಹಳೇ ವಿಸಿಡಿಗಳ ಕಥೆ ಬೇರೆ. ಅವುಗಳಲ್ಲಿ ಜಾಗ ಉಳಿಸೋಕೆ ಅಂತ ಸಿಡಿ-ರಾಮ್‌ಗೆ ಇರೋ ಹೆಚ್ಚುವರಿ ತಿದ್ದುಪಡಿ ಪದರವನ್ನೇ ಕೈಬಿಟ್ಟು ಸೆಕ್ಟರಿಗೆ 2048ರ ಬದಲು 2324 ಬೈಟು ತುಂಬಿದ್ದರು. ಅದಕ್ಕೇ ವಿಸಿಡಿ ಸಣ್ಣ ಗೀರಿಗೂ ಚಿಂದಿಯಾಗೋದು.

ಒಂದು ಫ್ರೇಮಿನ ನಷ್ಟ, ಅರ್ಧ ಸೆಕೆಂಡಿನ ಹಾಳು

ಸರಿ, ತಿದ್ದೋಕೆ ಆಗದಷ್ಟು ಕೆಟ್ಟರೆ? ಆ ಪೂರ್ತಿ 32 ಕೆಬಿ ಬ್ಲಾಕು ಹೋಯಿತು ಅಂತಲೇ ಲೆಕ್ಕ. ನಮ್ಮ ಡಿಸ್ಕು ಸೆಕೆಂಡಿಗೆ ಸುಮಾರು 5 ಮೆಗಾಬಿಟ್ ದರದಲ್ಲಿತ್ತು, ಹಾಗಾಗಿ 32 ಕೆಬಿ ಅಂದರೆ 0.05 ಸೆಕೆಂಡು. ಸೆಕೆಂಡಿಗೆ 25 ಫ್ರೇಮಿನ ಪಾಲ್ ವಿಡಿಯೋದಲ್ಲಿ ಒಂದು ಫ್ರೇಮಿಗಿಂತ ಸ್ವಲ್ಪ ಜಾಸ್ತಿ. ಅಷ್ಟಕ್ಕೆ ಅರ್ಧ ಸೆಕೆಂಡು ಪರದೆ ಚೌಕ ಚೌಕ ಆಗೋದು ಯಾಕೆ?

ಎಂಪೆಗ್-2 ಪ್ರತಿ ಫ್ರೇಮನ್ನೂ ಪೂರ್ತಿ ಬರೆಯಲ್ಲ. 12 ಫ್ರೇಮಿನ ಒಂದು ಗುಂಪು, ಅಂದರೆ ಜಿಒಪಿ, ತಗೊಂಡರೆ ಅದರಲ್ಲಿ ಒಂದು ಐ ಫ್ರೇಮು ಮಾತ್ರ ಪೂರ್ತಿ ಚಿತ್ರ. ಮೂರು ಪಿ ಫ್ರೇಮುಗಳು ಹಿಂದಿನ ಐ ಅಥವಾ ಪಿ ಜೊತೆಗಿರೋ ವ್ಯತ್ಯಾಸ. ಎಂಟು ಬಿ ಫ್ರೇಮುಗಳು ಹಿಂದೆ ಮುಂದೆ ಎರಡೂ ಕಡೆ ನೋಡಿ ತುಂಬಿಸಿಕೊಂಡವು. ಬಿ ಫ್ರೇಮನ್ನು ನೋಡಿ ಬರೆಯೋರು ಯಾರೂ ಇಲ್ಲ, ಹಾಗಾಗಿ ಅದು ಕೆಟ್ಟರೆ ಅದೊಂದೇ ಕೆಡುತ್ತೆ. ಪಿ ಕೆಟ್ಟರೆ ಮುಂದಿನ ಐ ಬರೋವರೆಗೂ ಕೆಡುತ್ತೆ. ಐ ಕೆಟ್ಟರೆ ಮುಗೀತು, ಹನ್ನೆರಡೂ ಹೋಗುತ್ತವೆ. ಅಷ್ಟೇ ಅಲ್ಲ, ಮುಂದಿನ ಜಿಒಪಿಯ ಮೊದಲ ಎರಡು ಬಿ ಫ್ರೇಮುಗಳು ಈ ಗುಂಪಿನ ಕೊನೇ ಪಿಯನ್ನು ನಂಬಿಕೊಂಡಿರುತ್ತವೆ, ಅವೂ ಹೋಗುತ್ತವೆ. ಒಟ್ಟು 14 ಫ್ರೇಮು, 0.56 ಸೆಕೆಂಡು. ಕ್ಲಾಸಿನಲ್ಲಿ ಮೊದಲ ಬೆಂಚಿನವನ ನೋಟ್ಸನ್ನು ಎಲ್ಲರೂ ಕಾಪಿ ಹೊಡೆದ ಹಾಗೆ. ಅವನು ಒಂದು ಸೈನ್ ತಪ್ಪು ಬರೆದರೆ ಹಿಂದಿನ ಬೆಂಚಿನವರೆಗೂ ಅದೇ ತಪ್ಪು.

ಇನ್ನು ಫ್ರೇಮಿನ ಒಳಗೆ. ಚಿತ್ರವನ್ನು 16 ಗುಣಿಸು 16 ಪಿಕ್ಸೆಲ್‌ನ ಮ್ಯಾಕ್ರೋಬ್ಲಾಕುಗಳಾಗಿ ಒಡೀತಾರೆ. 720 ಗುಣಿಸು 576ರ ಫ್ರೇಮಿನಲ್ಲಿ ಅಡ್ಡಕ್ಕೆ 45, ಉದ್ದಕ್ಕೆ 36, ಒಟ್ಟು 1620. ಇವನ್ನು ಬರೆಯೋ ಕೋಡುಗಳ ಉದ್ದ ಒಂದೇ ಸಮ ಇರಲ್ಲ: ಪದೇ ಪದೇ ಬರೋದಕ್ಕೆ ಚಿಕ್ಕ ಕೋಡು, ಅಪರೂಪದ್ದಕ್ಕೆ ಉದ್ದದ್ದು, ನಡುವೆ ಜಾಗ ಇಲ್ಲ. ತಾಳೆಗರಿ ಬರಹ ನೋಡಿದ್ದೀರಾ? ಪದಗಳ ಮಧ್ಯೆ ಜಾಗವೇ ಇಲ್ಲದ ಹಾಗೆ ಬರೆದಿರ್ತಾರೆ. ಹುಳ ನಡುವೆ ನಾಲ್ಕು ಅಕ್ಷರ ತಿಂದರೆ ಪದ ಎಲ್ಲಿ ಮುಗೀತು, ಎಲ್ಲಿ ಶುರುವಾಯ್ತು ಅಂತ ಗೊತ್ತಾಗದೆ, ಪದ್ಯ ಮುಗಿಯೋ ಗುರುತು ಸಿಗೋವರೆಗೂ ಓದೋನು ತಡಕಾಡಬೇಕು. ಎಂಪೆಗ್‌ನಲ್ಲಿ ಆ ಗುರುತಿನ ಹೆಸರು ಸ್ಟಾರ್ಟ್ ಕೋಡ್: ಸಾಲಾಗಿ 23 ಸೊನ್ನೆ, ಆಮೇಲೆ ಒಂದು 1. ಬೇರೆಲ್ಲೂ ಈ ಸಾಲು ಬರದ ಹಾಗೆ ಇಡೀ ವ್ಯವಸ್ಥೆಯನ್ನು ಮಾಡಿದ್ದಾರೆ. ಮ್ಯಾಕ್ರೋಬ್ಲಾಕುಗಳ ಪ್ರತಿ ಅಡ್ಡಸಾಲೂ ಇಂಥದೊಂದು ಗುರುತಿನಿಂದ ಶುರುವಾಗಬೇಕು. ಅದನ್ನು ಸ್ಲೈಸ್ ಅಂತಾರೆ. ಡಿಕೋಡರ್ ದಾರಿ ತಪ್ಪಿದಾಗ ಮುಂದಿನ ಗುರುತಿನವರೆಗೆ ಹಾರಿಕೊಂಡು ಹೋಗುತ್ತೆ. ಕೆಟ್ಟ ವಿಡಿಯೋದಲ್ಲಿ ಹಾನಿ ಅಡ್ಡಪಟ್ಟಿಯಾಗಿ ಕಾಣೋದು ಇದರಿಂದಲೇ.

ಹಸಿರು ಯಾಕೆ ಅಂತ ನನಗೂ ಬಹಳ ದಿನ ಕುತೂಹಲ ಇತ್ತು. ವಿಡಿಯೋದಲ್ಲಿ ಬಣ್ಣ ಕೆಂಪು-ಹಸಿರು-ನೀಲಿಯಾಗಿ ಇರಲ್ಲ, ಬೆಳಕು ಒಂದು, ಬಣ್ಣದ ವ್ಯತ್ಯಾಸ ಎರಡು, ಹೀಗೆ ಮೂರು ಸಂಖ್ಯೆ. ವ್ಯತ್ಯಾಸಕ್ಕೆ 'ಬಣ್ಣವಿಲ್ಲ' ಅನ್ನೋ ಬೆಲೆ 128. ತುಂಬದ ಮೆಮೊರಿಯಲ್ಲಿ ಮೂರೂ ಸೊನ್ನೆ ಇದ್ದರೆ, ಲೆಕ್ಕ ಹಾಕಿದಾಗ ಕೆಂಪೂ ನೀಲಿಯೂ ಸೊನ್ನೆಗಿಂತ ಕೆಳಗೆ ಹೋಗಿ ಹಸಿರು ಮಾತ್ರ ಉಳಿಯುತ್ತೆ. ಅಂದರೆ ತಾತನ ಮುಖದ ಮೇಲಿದ್ದ ಹಸಿರು ತಪ್ಪು ಡೇಟಾ ಅಲ್ಲ, ಡೇಟಾ ಇಲ್ಲದಿರೋದು.

ಮೊದಲು ಮಾಡಿದ ತಪ್ಪು

ನಾನು ಆತುರದಲ್ಲಿ ಏನು ಮಾಡಿದೆ ಅಂದರೆ, ಡಿಸ್ಕಿನಿಂದ ಹೇಗೋ ಫೈಲು ಎಳೆದುಕೊಂಡು, ಒಂದು ಉಚಿತ ಕನ್ವರ್ಟರಿಗೆ ಹಾಕಿ, ಪೂರ್ತಿ ರೀ-ಎನ್‌ಕೋಡ್ ಮಾಡಿ ಬರ್ನ್ ಮಾಡಿದೆ. ಹಸಿರು ಚೌಕ ಮಾಯವಾಯಿತು. ಅಜ್ಜಿ ನೋಡ್ತಾ ನೋಡ್ತಾ, "ತಾಳಿ ಕಟ್ಟಿ ಆದ್ಮೇಲೆ ಗಟ್ಟಿಮೇಳ ಊದ್ತಾರಲ್ಲೋ?" ಅಂದರು.

ನಿಜ. ಆ ಸಾಫ್ಟ್‌ವೇರ್ ಆಡಿಯೋದಲ್ಲಿ ತೂತು ಬಿದ್ದ ಕಡೆ ಮೌನ ತುಂಬಿತ್ತು, ವಿಡಿಯೋದಲ್ಲಿ ಕೆಟ್ಟ ಫ್ರೇಮುಗಳನ್ನು ಸುಮ್ಮನೆ ಎಸೆದಿತ್ತು. 63 ಫ್ರೇಮು ಕಮ್ಮಿ. ಒಂದು ಫ್ರೇಮಿಗೆ 40 ಮಿಲಿಸೆಕೆಂಡು, ಒಟ್ಟು ಎರಡೂವರೆ ಸೆಕೆಂಡು ಚಿತ್ರ ಮುಂದೆ, ಓಲಗ ಹಿಂದೆ. ಅವತ್ತು ಕಲಿತ ನಿಯಮ: ಕೆಟ್ಟ ಫ್ರೇಮನ್ನು ತೆಗೆದುಹಾಕಬೇಡಿ, ಅದರ ಜಾಗದಲ್ಲಿ ಇನ್ನೊಂದನ್ನು ಕೂರಿಸಿ. ಎಣಿಕೆ ಒಂದೂ ತಪ್ಪಬಾರದು. ಇನ್ನೊಂದು ತಪ್ಪು, ಅರ್ಧ ಸೆಕೆಂಡಿನ ರಿಪೇರಿಗೆ ಒಂದು ಗಂಟೆ ಐವತ್ತು ನಿಮಿಷದ ಚಿತ್ರವನ್ನು ಎರಡನೇ ಸಲ ಹಿಂಡಿದ್ದು. ಮೊದಲೇ ಎಂಪೆಗ್-2ರಲ್ಲಿ ಹಿಂಡಿದ್ದನ್ನು ಮತ್ತೆ ಹಿಂಡಿದರೆ ಸೀರೆಯ ಜರಿ, ಹೂವಿನ ದಂಡೆ, ಇವೆಲ್ಲ ಮೇಣದ ಹಾಗೆ ಆಗುತ್ತವೆ.

ಮತ್ತೆ ಮೊದಲಿಂದ: ಡಿಸ್ಕು ಓದೋದು

ಫ್ರೇಮು ರಿಪೇರಿಗಿಂತ ಮುಂಚೆ ಓದೋದರಲ್ಲೇ ಸಾಧ್ಯವಾದಷ್ಟು ಗೆಲ್ಲಬೇಕು. ವಿಂಡೋಸ್‌ನಲ್ಲಿ ಫೈಲು ಕಾಪಿ ಮಾಡೋಕೆ ಹೋದರೆ ಕೆಟ್ಟ ಸೆಕ್ಟರ್ ಸಿಕ್ಕ ತಕ್ಷಣ 'ಸೈಕ್ಲಿಕ್ ರಿಡಂಡೆನ್ಸಿ ಚೆಕ್' ಅಂತ ಹೇಳಿ ಕೈ ಎತ್ತಿಬಿಡುತ್ತೆ. ಇದಕ್ಕೆ ಸರಿಯಾದ ಸಾಧನ ಲಿನಕ್ಸ್‌ನ ಜಿಎನ್‌ಯು ಡಿಡಿರೆಸ್ಕ್ಯೂ. ಅದು ಮೊದಲ ಸುತ್ತಿನಲ್ಲಿ ಸುಲಭವಾಗಿ ಸಿಗೋದನ್ನೆಲ್ಲ ಬಾಚಿಕೊಂಡು, ಸಿಗದ ಜಾಗಗಳನ್ನು ಒಂದು ಮ್ಯಾಪ್ ಫೈಲಿನಲ್ಲಿ ಬರೆದಿಟ್ಟುಕೊಳ್ಳುತ್ತೆ. ಆಮೇಲೆ ಆ ಜಾಗಗಳಿಗೆ ಮಾತ್ರ ವಾಪಸ್ ಹೋಗಿ ಮತ್ತೆ ಮತ್ತೆ ಪ್ರಯತ್ನಿಸುತ್ತೆ. ಸೆಕ್ಟರ್ ಗಾತ್ರ 2048 ಅಂತ ಹೇಳಿಕೊಡೋದು ಮರೀಬೇಡಿ.

ಈ ಮ್ಯಾಪ್ ಫೈಲಿನ ನಿಜವಾದ ಬೆಲೆ ಗೊತ್ತಾಗೋದು ಡ್ರೈವ್ ಬದಲಾಯಿಸಿದಾಗ. ಪ್ರತಿ ಡ್ರೈವಿನ ಲೇಸರ್, ಲೆನ್ಸು, ಫರ್ಮ್‌ವೇರ್ ಬೇರೆ. ಒಂದಕ್ಕೆ ಓದೋಕಾಗದ ಸೆಕ್ಟರು ಇನ್ನೊಂದಕ್ಕೆ ಸಿಗಬಹುದು. ನನ್ನ ಯುಎಸ್‌ಬಿ ಡ್ರೈವಿನಲ್ಲಿ 41 ಬ್ಲಾಕು ಸಿಗಲಿಲ್ಲ. ಮೆಟ್ರೋ ಹತ್ತಿ ಮೆಜೆಸ್ಟಿಕ್‌ನಲ್ಲಿ ಹಸಿರು ಲೈನಿಗೆ ಬದಲಾಯಿಸಿ, ಚಿಕ್ಕಪೇಟೆಯಲ್ಲಿ ಇಳಿದು ಎಸ್‌.ಪಿ. ರೋಡಿಗೆ ಹೋಗಿ, ಹಳೇ ಡೆಸ್ಕ್‌ಟಾಪಿನಿಂದ ಬಿಚ್ಚಿದ ಸೆಕೆಂಡ್ ಹ್ಯಾಂಡ್ ಡಿವಿಡಿ ರೈಟರ್ ತಂದೆ. ಅಂಗಡಿಯವರು "ಇದನ್ನ ಈಗ ಯಾರು ತಗೋತಾರೆ ಸಾರ್" ಅಂತ ನಕ್ಕರು. ಅದೇ ಇಮೇಜು, ಅದೇ ಮ್ಯಾಪ್ ಫೈಲು ಕೊಟ್ಟು ಓಡಿಸಿದೆ. 17ಕ್ಕೆ ಇಳಿಯಿತು.

ಆ ಹದಿನೇಳರಲ್ಲಿ ತಾತನ ಮುಖ ಇತ್ತು. ಅದನ್ನು ಉಳಿಸಿದ್ದು ಸಾಫ್ಟ್‌ವೇರ್ ಅಲ್ಲ, ನಮ್ಮಮ್ಮ. "ಇನ್ನೊಂದು ಕಾಪಿ ನಿಮ್ಮತ್ತೆ ಹತ್ರ ಇರ್ಬೇಕಲ್ವಾ?" ಅಂದರು. ಸ್ಟುಡಿಯೋದವರು ಹೆಣ್ಣಿನ ಕಡೆಗೊಂದು, ಗಂಡಿನ ಕಡೆಗೊಂದು ಕೊಟ್ಟಿದ್ದರಂತೆ. ಅತ್ತೆ ಇರೋದು ಮಾಲೂರಿನಲ್ಲಿ. ಭಾನುವಾರ ಹೋದೆ. ಅಟ್ಟದ ಮೇಲಿನ ಟ್ರಂಕಿನಲ್ಲಿ, ಆಲ್ಬಮ್ಮಿನ ಒಳಗೆ ಸಿಕ್ಕಿತು. ಅದೂ ಕೆಟ್ಟಿತ್ತು, ಆದರೆ ಬೇರೆ ಜಾಗಗಳಲ್ಲಿ!

ಎರಡು ಡಿಸ್ಕನ್ನು ಬೆರೆಸೋ ಮುಂಚೆ ಎರಡೂ ಒಂದೇ ಇಮೇಜಿನಿಂದ ಬರ್ನ್ ಆಗಿವೆಯಾ ಅಂತ ಖಾತ್ರಿ ಮಾಡಿಕೊಳ್ಳಿ. ಎರಡರಲ್ಲೂ ಚೆನ್ನಾಗಿ ಓದಿಸಿಕೊಂಡ ಮೊದಲ 500 ಎಂಬಿಯ ಚೆಕ್‌ಸಮ್ ಹೋಲಿಸಿದೆ, ಒಂದೇ ಬಂತು. ಬೇರೆ ಬೇರೆಯಾಗಿ ಎನ್‌ಕೋಡ್ ಆಗಿದ್ದರೆ ಸೆಕ್ಟರುಗಳನ್ನು ಬೆರೆಸೋದು ಎರಡು ಪುಸ್ತಕದ ಹಾಳೆ ಹರಿದು ಅಂಟಿಸಿದ ಹಾಗೆ. ಇಲ್ಲಿ ಒಂದೇ ಆಗಿದ್ದರಿಂದ, ಅತ್ತೆಯ ಡಿಸ್ಕು ಹಾಕಿ ಅದೇ ಮ್ಯಾಪ್ ಫೈಲಿನಿಂದ ಡಿಡಿರೆಸ್ಕ್ಯೂ ಮುಂದುವರಿಸಿದೆ. 17 ಹೋಗಿ 3 ಉಳಿಯಿತು. ರಾತ್ರಿ ಹನ್ನೊಂದೂವರೆಗೆ ವಿಎಲ್‌ಸಿಯಲ್ಲಿ ಆ ಜಾಗಕ್ಕೆ ಹೋಗಿ ನೋಡಿದೆ. ತಾತನ ಮುಖ ಪೂರ್ತಿ ಇತ್ತು.

ಉಳಿದ ಮೂರು ತೂತು

ಇಮೇಜು ಸಿಕ್ಕ ಮೇಲೆ ಎಲ್ಲಿ ಏನು ಕೆಟ್ಟಿದೆ ಅಂತ ಪಟ್ಟಿ ಬೇಕು. ಎಫ್‌ಎಫ್‌ಎಂಪೆಗ್‌ಗೆ ವಿಒಬಿ ಫೈಲು ಕೊಟ್ಟು, ಔಟ್‌ಪುಟ್ ಏನೂ ಬೇಡ, ಪೂರ್ತಿ ಡಿಕೋಡ್ ಮಾಡಿ ಎರರ್ ಮಾತ್ರ ಬರೆ ಅಂತ ಹೇಳಬಹುದು. ಅದರ ಜೊತೆ ಮ್ಯಾಪ್ ಫೈಲಿನ ಸೆಕ್ಟರ್ ಸಂಖ್ಯೆಗಳನ್ನು ಹೋಲಿಸಿದರೆ ಫ್ರೇಮು ಸಿಗುತ್ತೆ.

ಇಲ್ಲಿ ಒಂದು ವಿಷಯದಲ್ಲಿ ಹುಷಾರಾಗಿರಿ. ಆರತಕ್ಷತೆ ಭಾಗದಲ್ಲಿ ಒಂದೆರಡು ಕಡೆ ಚಿತ್ರ ಕೆಟ್ಟು ಕಾಣುತ್ತೆ, ಆದರೆ ಎಫ್‌ಎಫ್‌ಎಂಪೆಗ್ ಅಲ್ಲಿ ಒಂದೂ ಎರರ್ ಹೇಳಲ್ಲ. ಕಾರಣ, ಅದು ಡಿಸ್ಕಿನ ದೋಷ ಅಲ್ಲ, ಟೇಪಿನದು. ಆ ಕಾಲದಲ್ಲಿ ಶೂಟ್ ಮಾಡ್ತಿದ್ದುದು ಮಿನಿಡಿವಿ ಟೇಪಿನಲ್ಲಿ. ಪಾಲ್‌ನಲ್ಲಿ ಒಂದು ಫ್ರೇಮು ಟೇಪಿನ ಮೇಲೆ 12 ಓರೆ ಟ್ರ್ಯಾಕುಗಳಲ್ಲಿ ಕೂರುತ್ತೆ. ಹೆಡ್ಡಿಗೆ ಧೂಳು ಕೂತು ಒಂದು ಟ್ರ್ಯಾಕು ತಪ್ಪಿದರೆ ಆ ಫ್ರೇಮಿನಲ್ಲಿ ಚೌಕಗಳು ಬೀಳುತ್ತವೆ. ಡಿವಿಯಲ್ಲಿ ಪ್ರತಿ ಫ್ರೇಮೂ ಸ್ವತಂತ್ರ, ಹಾಗಾಗಿ ಹಾನಿ ಮುಂದಕ್ಕೆ ಹರಿಯಲ್ಲ. ಸ್ಟುಡಿಯೋದವರು ಆ ಕೆಟ್ಟ ಫ್ರೇಮನ್ನೇ ನೀಟಾಗಿ ಎಂಪೆಗ್-2ಗೆ ಹಿಂಡಿ ಕೊಟ್ಟಿದ್ದಾರೆ. ಬಿಟ್ಟುಗಳೆಲ್ಲ ಸರಿ ಇವೆ, ಚಿತ್ರ ಮಾತ್ರ ಕೆಟ್ಟಿದೆ. ಯಾವ ಚೆಕ್‌ಸಮ್ಮೂ ಇದನ್ನು ಹಿಡಿಯಲ್ಲ, ಕಣ್ಣೇ ಗತಿ. ಒಂದೇ ಫ್ರೇಮಾದರೆ ಪಕ್ಕದ ಫ್ರೇಮನ್ನು ಎರಡು ಸಲ ಹಾಕಿದರೆ ಯಾರಿಗೂ ಗೊತ್ತಾಗಲ್ಲ. ನಾನು ಅವನ್ನು ಮುಟ್ಟಲಿಲ್ಲ. ಹದಿನೆಂಟು ವರ್ಷ ಅಜ್ಜಿ ಹಾಗೇ ನೋಡಿದ್ದಾರೆ.

ಡಿಸ್ಕಿನ ಮೂರರಲ್ಲಿ ಮೊದಲನೆಯದು ಆರತಕ್ಷತೆ ಸಾಲಿನಲ್ಲಿ, ಎರಡು ಬಿ ಫ್ರೇಮು. ಎರಡನೆಯದು ಊಟದಲ್ಲಿ, ಒಂದು ಜಿಒಪಿಯ ಕೊನೇ ಪಿ ಫ್ರೇಮು; ಅದು, ಅದರ ಹಿಂದಿನ ಎರಡು ಬಿ, ಮುಂದಿನ ಎರಡು ಬಿ, ಒಟ್ಟು ಐದು. ಇವೆರಡನ್ನೂ ಪಕ್ಕದ ಒಳ್ಳೇ ಫ್ರೇಮುಗಳನ್ನು ಹಿಗ್ಗಿಸಿ ಮುಚ್ಚಿದೆ. ಹೋಳಿಗೆ ಬಡಿಸೋನ ಕೈ ಒಂದು ಕ್ಷಣ ನಿಂತ ಹಾಗೆ ಕಾಣುತ್ತೆ, ಅಷ್ಟೇ.

ಮೂರನೆಯದು ಧಾರೆಯಲ್ಲೇ, ಐ ಫ್ರೇಮು. ಸ್ಲೈಸುಗಳು ಮೇಲಿಂದ ಕೆಳಗೆ ಬರೋದರಿಂದ ಚಿತ್ರದ ಮೇಲಿನ ಅರ್ಧ ಉಳಿದಿತ್ತು: ತಾತನ ಮುಖ, ಪೇಟ, ಹಿಂದೆ ನಿಂತ ನೆಂಟರು. ಕೆಳಗಿನ ಅರ್ಧ ಹಸಿರು: ಕೈಗಳು, ತೆಂಗಿನಕಾಯಿ, ಹಾಲಿನ ಧಾರೆ. 14 ಫ್ರೇಮು.

ಇದಕ್ಕೆ ಮೂರು ದಾರಿ ಇತ್ತು. ಡಿಕೋಡರಿನ ಕನ್‌ಸೀಲ್‌ಮೆಂಟಿಗೇ ಬಿಡೋದು. ಅದು ಹಿಂದಿನ ಫ್ರೇಮಿನಿಂದ ಊಹಿಸಿ ತುಂಬುತ್ತೆ, ಆದರೆ ಐ ಫ್ರೇಮಿಗೆ ಅಷ್ಟು ಚೆನ್ನಾಗಿ ಬರಲ್ಲ, ಕಲಸಿದ ಹಾಗಿರುತ್ತೆ. ಎರಡನೇದು, ಹಿಂದಿನ ಮುಂದಿನ ಒಳ್ಳೇ ಫ್ರೇಮುಗಳ ನಡುವೆ ಚಲನೆಯನ್ನು ಲೆಕ್ಕ ಹಾಕಿ ಹೊಸ ಫ್ರೇಮು ಸೃಷ್ಟಿಸೋದು. ಮಾಡಿ ನೋಡಿದೆ. ಅತ್ತೆಯ ಕೈಗೆ ಆರು ಬೆರಳು ಬಂತು, ಹಾಲು ಹೊಗೆಯ ಹಾಗೆ ಕಂಡಿತು. ರೂಮ್‌ಮೇಟ್ ಒಬ್ಬ ಎಐ ಟೂಲಿನಲ್ಲಿ ಇಡೀ ದೃಶ್ಯವನ್ನೇ ಹೈ ಡೆಫಿನಿಷನ್ ಮಾಡಿಕೊಟ್ಟ; ಚುರುಕಾಗಿತ್ತು, ಆದರೆ ಅದರಲ್ಲಿದ್ದ ಮುದುಕರು ತಾತನ ಥರ ಇದ್ದರು, ತಾತ ಅಲ್ಲ. ಹಾಗಾಗಿ ಮೂರನೇ ದಾರಿ ಹಿಡಿದೆ. ಮೇಲಿನ ಅರ್ಧವನ್ನು ಅದು ಇದ್ದ ಹಾಗೇ ಬಿಟ್ಟು, ಕೆಳಗಿನ ಅರ್ಧಕ್ಕೆ ಮೊದಲ ಏಳು ಫ್ರೇಮಿನಲ್ಲಿ ಹಿಂದಿನ ಒಳ್ಳೇ ಫ್ರೇಮು, ಮಿಕ್ಕ ಏಳರಲ್ಲಿ ಮುಂದಿನದು, ಸೇರೋ ಗೆರೆಯನ್ನು ಸ್ವಲ್ಪ ಮಸುಕು ಮಾಡಿ ಕೂರಿಸಿದೆ. ಮುಖ ಚಲಿಸುತ್ತೆ, ಕೈ ಅರ್ಧ ಸೆಕೆಂಡು ನಿಲ್ಲುತ್ತೆ. ಧಾರೆ ಎರೆಯುವಾಗ ಕೈ ಹೇಗೂ ಅಲುಗಾಡದೇ ಇರೋದರಿಂದ ನನಗೆ ಒಪ್ಪಿಗೆಯಾಯ್ತು.

ಒಂದು ಸೂಕ್ಷ್ಮ. ಈ ವಿಡಿಯೋ ಇಂಟರ್ಲೇಸ್ಡ್. ಒಂದು ಫ್ರೇಮಿನಲ್ಲಿ ಸಮ ಸಾಲು, ಬೆಸ ಸಾಲು ಅಂತ ಎರಡು ಫೀಲ್ಡು, ಎರಡೂ 1/50 ಸೆಕೆಂಡು ಅಂತರದಲ್ಲಿ ತೆಗೆದವು. ಅಲುಗಾಡ್ತಿರೋ ಫ್ರೇಮನ್ನು ಹಾಗೇ ನಿಲ್ಲಿಸಿದರೆ ಟಿವಿಯಲ್ಲಿ ಅದು ಎರಡು ಕ್ಷಣಗಳ ನಡುವೆ ಗಡಗಡ ನಡುಗುತ್ತೆ. ನಿಲ್ಲಿಸೋ ಫ್ರೇಮಿನಲ್ಲಿ ಒಂದೇ ಫೀಲ್ಡು ಇಟ್ಟುಕೊಂಡು, ಇನ್ನೊಂದನ್ನು ಅದರಿಂದಲೇ ತುಂಬಿಸಿಕೊಳ್ಳಿ. ಲ್ಯಾಪ್‌ಟಾಪ್ ಪರದೆಯಲ್ಲಿ ಇದು ಗೊತ್ತೇ ಆಗಲ್ಲ. ಡಿವಿ ಟೇಪಿನಿಂದ ಬಂದದ್ದು ಕೆಳ ಫೀಲ್ಡು ಮೊದಲು ಅನ್ನೋದನ್ನೂ ನೆನಪಿಡಿ. ರಿಪೇರಿ ತುಂಡನ್ನು ಮೂಲದ ಅದೇ ಕ್ರಮದಲ್ಲಿ ಎನ್‌ಕೋಡ್ ಮಾಡದಿದ್ದರೆ ಆ ಒಂದು ಸೆಕೆಂಡು ಚಲನೆ ಹಿಂದೆ ಮುಂದೆ ಜಗ್ಗಿದ ಹಾಗಿರುತ್ತೆ.

ಕತ್ತರಿಸಿ ಅಂಟಿಸೋದು, ಬರ್ನ್ ಮಾಡೋದು

ವಿಒಬಿಯನ್ನು ಡೆಮಕ್ಸ್ ಮಾಡಿ ವಿಡಿಯೋ, ಆಡಿಯೋ ಬೇರೆ ಮಾಡಿಕೊಳ್ಳಿ. ಕೆಟ್ಟ ಜಿಒಪಿ ಮತ್ತು ಅದರ ಮುಂದಿನದು, ಎರಡನ್ನು ಮಾತ್ರ, ಅಂದರೆ 24 ಫ್ರೇಮು, ಹೊಸದಾಗಿ ಎನ್‌ಕೋಡ್ ಮಾಡಿದೆ. ಮುಂದಿನದು ಯಾಕೆ ಅಂದರೆ ಅದರ ಮೊದಲ ಎರಡು ಬಿ ಫ್ರೇಮುಗಳ ಕಥೆ ಆಗಲೇ ಹೇಳಿದೆನಲ್ಲ. ಹೊಸ ತುಂಡಿನ ಮೊದಲ ಜಿಒಪಿ ಕ್ಲೋಸ್ಡ್ ಆಗಿರಬೇಕು, ಅಳತೆ, ಆಸ್ಪೆಕ್ಟ್ ರೇಷಿಯೋ, ಫೀಲ್ಡ್ ಕ್ರಮ ಎಲ್ಲ ಮೂಲದ ಹಾಗೇ, ಬಿಟ್‌ರೇಟು ಡಿವಿಡಿಯ ಮಿತಿಯಾದ 9.8 ಮೆಗಾಬಿಟ್ ದಾಟಬಾರದು. ಆಮೇಲೆ ಮೂಲ ವಿಡಿಯೋವನ್ನು ಸೀಕ್ವೆನ್ಸ್ ಹೆಡರ್ ಇರೋ ಜಾಗದಲ್ಲಿ ಕತ್ತರಿಸಿ, ನಡುವೆ ಹೊಸ ತುಂಡನ್ನು ಬೈಟಿಗೆ ಬೈಟು ಅಂಟಿಸಿದರೆ ಸಾಕು. ಫ್ರೇಮುಗಳ ಕ್ರಮಸಂಖ್ಯೆ ಪ್ರತಿ ಜಿಒಪಿಗೂ ಸೊನ್ನೆಯಿಂದ ಶುರುವಾಗೋದರಿಂದ ಯಾವ ಗಲಾಟೆಯೂ ಆಗಲ್ಲ. ಅಂಟಿಸಿದ ಮೇಲೆ ಒಟ್ಟು ಫ್ರೇಮು ಎಣಿಸಿ. ಒಂದು ಹೆಚ್ಚು ಕಮ್ಮಿ ಆದರೂ ವಾಪಸ್ ಹೋಗಿ.

ಆಡಿಯೋದಲ್ಲಿ ಒಂದು ಪ್ಯಾಕು ಹೋಗಿತ್ತು, 192 ಕಿಲೋಬಿಟ್ ದರದಲ್ಲಿ ಸುಮಾರು 80 ಮಿಲಿಸೆಕೆಂಡು. ಮೌನ ಬಿಟ್ಟರೆ 'ಟಕ್' ಅಂತ ಕೇಳುತ್ತೆ. ಎಸಿ-3ರ ಒಂದು ಫ್ರೇಮು 32 ಮಿಲಿಸೆಕೆಂಡು. ಪಕ್ಕದ ಗಟ್ಟಿಮೇಳದಿಂದ ಮೂರು ಫ್ರೇಮು ಕಾಪಿ ಮಾಡಿ ತುಂಬಿದೆ. ಡೋಲಿನ ಅಬ್ಬರದಲ್ಲಿ ಯಾರಿಗೆ ಗೊತ್ತಾಗಬೇಕು!

ಉಳಿದದ್ದು ಸಲೀಸು. ಮತ್ತೆ ಮಕ್ಸ್ ಮಾಡಿ ಡಿವಿಡಿಆಥರ್‌ಗೆ ಕೊಟ್ಟರೆ ಐಎಫ್ಒ, ಬಿಯುಪಿ, ವಿಒಬಿ ಫೈಲುಗಳು ತಯಾರಾಗುತ್ತವೆ. ಬಿಯುಪಿ ಅನ್ನೋದು ಐಎಫ್ಒದ ಯಥಾಪ್ರತಿ. ಒಂದೇ ಗೀರಿಗೆ ಎರಡೂ ಸಾಯದಿರಲಿ ಅಂತ ಬೇರೆ ಬ್ಲಾಕಿನಲ್ಲಿ ಇಡ್ತಾರೆ. ಮೊದಲು ಚಾಪ್ಟರುಗಳೇ ಇರಲಿಲ್ಲ. ಈಗ ಹಾಕಿದೆ: ಆರತಕ್ಷತೆ, ಜೀರಿಗೆ ಬೆಲ್ಲ, ಧಾರೆ, ಊಟ. ಚಾಪ್ಟರು ಜಿಒಪಿಯ ಶುರುವಿನಲ್ಲೇ ಕೂರಬೇಕು, ಇಲ್ಲದಿದ್ದರೆ ಹಾರಿದ ತಕ್ಷಣ ಮತ್ತದೇ ಚೌಕ.

ಒಳ್ಳೇ ಖಾಲಿ ಡಿಸ್ಕು ತಗೊಂಡು ನಿಧಾನವಾಗಿ, 4 ಎಕ್ಸ್‌ನಲ್ಲಿ, ಬರ್ನ್ ಮಾಡಿ ಫೈನಲೈಸ್ ಮಾಡಿದೆ. ವಾಪಸ್ ಓದಿ ಇಮೇಜಿನ ಜೊತೆ ಚೆಕ್‌ಸಮ್ ಹೋಲಿಸಿದೆ. ಹಳೇ ಡಿಸ್ಕಿನ ಮೇಲೆ ವಧೂವರರ ಫೋಟೋ ಇರೋ ಸ್ಟಿಕರ್ ಅಂಟಿಸಿದ್ದರು. ಅದರ ಅಂಚು ಎದ್ದು ಡಿಸ್ಕು ತಿರುಗುವಾಗ ಅಲುಗಾಡ್ತಿತ್ತು, ಹಾನಿ ಹೊರ ಅಂಚಿನ ಕಡೆ ಜಾಸ್ತಿ ಇದ್ದುದಕ್ಕೆ ಅದೂ ಒಂದು ಕಾರಣ ಇರಬೇಕು. ಡಿವಿಡಿ ಒಳಗಿಂದ ಹೊರಕ್ಕೆ ಬರೆಯೋದರಿಂದ ಸಿನಿಮಾದ ಕೊನೇ ಭಾಗ, ಮದುವೆಯ ಮುಖ್ಯ ಭಾಗ, ಇರೋದು ಅಂಚಿನಲ್ಲೇ. ಹೊಸದಕ್ಕೆ ಸ್ಟಿಕರ್ ಇಲ್ಲ, ಮಾರ್ಕರ್ ಪೆನ್ನಿನಲ್ಲಿ ಅಜ್ಜಿಯೇ ತಾರೀಕು ಬರೆದರು. ಮೂರು ಕಾಪಿ ಮಾಡಿದೆ: ಅಜ್ಜಿಗೊಂದು, ಮಾಲೂರಿಗೊಂದು, ಬೀರುವಿಗೊಂದು. ಇಮೇಜು ಮತ್ತು ಅದಕ್ಕೆ ಡಿವಿಡಿಸಾಸ್ಟರ್‌ನಿಂದ ಮಾಡಿದ ತಿದ್ದುಪಡಿ ಫೈಲು ಹಾರ್ಡ್ ಡಿಸ್ಕಿನಲ್ಲಿದೆ.

ಅಜ್ಜಿ ರಿಮೋಟ್ ಹಿಡಿದು ಚಾಪ್ಟರ್ ಬಟನ್ನು ಎರಡು ಸಲ ಒತ್ತಿದರು. ಧಾರೆ ಬಂತು. ತಾಳಿ, ಗಟ್ಟಿಮೇಳ ಎರಡೂ ಒಟ್ಟಿಗೆ ಬಂದವು. ಕೈ ನಿಲ್ಲೋ ಆ ಅರ್ಧ ಸೆಕೆಂಡು ಬಂದಾಗ ನಾನು ಪರದೆ ಬಿಟ್ಟು ಅವರ ಮುಖ ನೋಡ್ತಿದ್ದೆ. ಅವರು ನೋಡ್ತಿದ್ದುದು ಮೇಲಿನ ಅರ್ಧವನ್ನು.

ಎಸ್‌.ಪಿ. ರೋಡಿನ ಆ ಡ್ರೈವ್ ಈಗ ನಮ್ಮ ಕನ್ನಡ ಸಂಘದ ರೂಮಿನಲ್ಲಿದೆ. ಯಾರಿಗಾದರೂ ಬೇಕಿದ್ದರೆ ಡಿಸ್ಕು ತನ್ನಿ. ಸಿಡಿಯಾಗಿದ್ದರೆ ಮೇಲಿನ ಸ್ಟಿಕರ್ ಕೀಳೋಕೆ ಹೋಗಬೇಡಿ, ಅದರಲ್ಲಿ ಡೇಟಾ ಪದರ ಲೇಬಲ್ಲಿನ ಕೆಳಗೇ ಇರೋದರಿಂದ ಜೊತೆಗೆ ಕಿತ್ತು ಬರುತ್ತೆ. ಇನ್ನೊಂದು ಕಾಪಿ ನೆಂಟರ ಮನೆಯಲ್ಲಿ ಇದೆಯಾ ಅಂತ ಮೊದಲೇ ಅಮ್ಮನನ್ನು ಕೇಳಿಕೊಂಡು ಬನ್ನಿ.